ಮುಚ್ಚಿಯೂ ಮುಚ್ಚದ ಬಾಗಿಲು

ಗ್ರಂಥಭಾಷೆಯಲ್ಲಿ ಶೀತಕ ಯಂತ್ರವೆನ್ನಿಸಿಕೊಂಡರೂ, ಹಳಿಯಾಳದ ಪೇಟೆಯಲ್ಲಾಗಲಿ ದಾಂಡೇಲಿಯ ಕಾರ್ಮಿಕರ ಮನೆಗಳಲ್ಲಾಗಲಿ ಫ್ರಿಜ್ ಎಂಬ ಹೆಸರಿನಿಂದಲ್ಲದೆ ಬೇರೊಂದರಿಂದ ಯಾರೂ ಕರೆಯದ ಈ ಪೆಟ್ಟಿಗೆಯು, ಒಳಗಿನ ಉಷ್ಣವನ್ನು ಎತ್ತಿ ಹೊರಗೆ ಚೆಲ್ಲುವ ಒಂದು ಪಂಪು, ಅಷ್ಟೆ. ಅದರ ಬೆನ್ನಿನ ಕೊಳವೆಗಳ ವೃತ್ತಾಂತಕ್ಕೆ ಇಲ್ಲಿ ಕೈಹಾಕುವುದಿಲ್ಲ. ಈ ಅಧ್ಯಾಯದ ವಿಷಯ ಬಾಗಿಲೊಂದೇ.

ಬಾಗಿಲು ಸರಿಯಾಗಿ ಕೂಡದಿದ್ದಾಗ ಈ ಸೀಮೆಯಲ್ಲಿ ನನ್ನ ಕಿವಿಗೆ ಮೊದಲು ಬೀಳುವ ಮಾತು ಒಂದೇ: "ಮ್ಯಾಗ್ನೆಟ್ ಹೋಗೇತ್ರಿ, ಹೊಸಾದ ಹಾಕ್ರಿ." ಎಷ್ಟೋ ಮನೆಗಳಲ್ಲಿ ಈ ಮಾತನ್ನು ಕೇಳಿ, ಎಷ್ಟೋ ಬಾರಿ ಇದನ್ನು ಖಂಡಿಸಿ, ಆದರೂ ಬೇಸರಗೊಳ್ಳದ ನಾನು ಇಲ್ಲಿಯೂ ಅದನ್ನೇ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ. ಬಾಗಿಲಿನ ಒಳ ಅಂಚಿನ ಸುತ್ತ ಹಬ್ಬಿರುವ ಮೆತ್ತನೆಯ ಪಟ್ಟಿಯನ್ನು ರಿಪೇರಿಯವರು ಗ್ಯಾಸ್ಕೆಟ್ ಎನ್ನುವರು, ಮನೆಯವರು ರಬ್ಬರು ಎನ್ನುವರು. ವಾಸ್ತವವಾಗಿ ಅದು ಬಹುಮಟ್ಟಿಗೆ ಪಿ.ವಿ.ಸಿ. ಎಂಬ ಪ್ಲಾಸ್ಟಿಕ್. ಅದರ ಟೊಳ್ಳಿನೊಳಗೆ ಹಾವಿನಂತೆ ಮಲಗಿರುವುದು ಫೆರೈಟ್ ಎಂಬ ಅಯಸ್ಕಾಂತೀಯ ಪುಡಿಯನ್ನು ಪ್ಲಾಸ್ಟಿಕ್ಕಿನಲ್ಲಿ ನಾದಿ ಎಳೆದ ಒಂದು ಪಟ್ಟಿ. ಕಬ್ಬಿಣದ ತುಕ್ಕಿನ ಬಂಧುವೇ ಆದ ಈ ಫೆರೈಟ್ ಅಡುಗೆಮನೆಯ ಉಷ್ಣತೆಯಲ್ಲಿ ದಶಕಗಳು ಕಳೆದರೂ ತನ್ನ ಶಕ್ತಿಯನ್ನು ಅಷ್ಟಾಗಿ ಕಳೆದುಕೊಳ್ಳುವುದಿಲ್ಲ. ಕೆಡುವುದು ಅಯಸ್ಕಾಂತವಲ್ಲ, ಅದಕ್ಕೂ ಪೆಟ್ಟಿಗೆಯ ಉಕ್ಕಿನ ತಗಡಿಗೂ ನಡುವಿನ ಅಂತರ.

ಇದನ್ನು ಪ್ರತ್ಯಕ್ಷವಾಗಿ ಕಾಣಬೇಕೆನ್ನುವವರು, ಬಾಗಿಲ ಮೇಲೆ ಮಕ್ಕಳು ಅಂಟಿಸಿರುವ ಚಪ್ಪಟೆ ಅಯಸ್ಕಾಂತದ ಚಿತ್ರವೊಂದನ್ನು ಕಿತ್ತು, ಅದರ ಹಿಂದೆ ವೃತ್ತಪತ್ರಿಕೆಯ ಒಂದು ಹಾಳೆಯನ್ನಿಟ್ಟು ಮತ್ತೆ ಅಂಟಿಸಲಿ, ಅದು ನಿಲ್ಲುತ್ತದೆ. ಅದೇ ಹಾಳೆಯನ್ನು ಎರಡು, ನಾಲ್ಕು, ಎಂಟು, ಹದಿನಾರು ಪದರವಾಗಿ ಮಡಿಸುತ್ತ ಹೋದರೆ, ಒಂದು ಹಂತದಲ್ಲಿ ಚಿತ್ರವು ಕ್ರಮವಾಗಿ ಸಡಿಲಗೊಳ್ಳದೆ ಥಟ್ಟನೆ ಜಾರಿ ನೆಲಕ್ಕೆ ಬೀಳುತ್ತದೆ. ಇಂಥ ಪಟ್ಟಿಯ ಆಕರ್ಷಣೆಯು ಅಂತರ ಹೆಚ್ಚಿದಂತೆ ಅತಿ ಶೀಘ್ರವಾಗಿ ಕುಗ್ಗುವುದೇ ಇದಕ್ಕೆ ಕಾರಣ. ಬಾಗಿಲನ್ನು ದೂರದಿಂದ ಸೆಳೆದು ತರುವುದು ಅದರ ಕೆಲಸವಲ್ಲ. ಹತ್ತಿರ ಬಂದ ಬಾಗಿಲನ್ನು ಕೊನೆಯ ಕೆಲವು ಮಿಲಿಮೀಟರುಗಳಲ್ಲಿ ಹಿಡಿದುಕೊಳ್ಳುವುದಷ್ಟೆ. ಮಡಿಕೆಯಲ್ಲಿ ಸಿಕ್ಕಿದ ಒಂದು ಅನ್ನದ ಅಗುಳು, ಒಣಗಿದ ಮುರುಗಲ ಶರಬತ್ತಿನ ಅಂಟು, ಇವೇ ಆ ಕೆಲವು ಮಿಲಿಮೀಟರುಗಳನ್ನು ನುಂಗಿಬಿಡಬಲ್ಲವು.

ಅಂದಹಾಗೆ, ಈ ದುರ್ಬಲವಾದ ಹಿಡಿತವು ಒಂದು ದೊಡ್ಡ ಗುಣವೂ ಹೌದು. ಹಿಂದಿನ ಫ್ರಿಜ್ಜುಗಳಿಗೆ ಹೊರಗಿನಿಂದ ಮಾತ್ರ ತೆರೆಯುವ ಚಿಲುಕವಿರುತ್ತಿತ್ತು. ಬಿಸುಟ ಪೆಟ್ಟಿಗೆಗಳೊಳಗೆ ಆಟವಾಡುತ್ತ ಹೊಕ್ಕ ಮಕ್ಕಳು ಉಸಿರುಕಟ್ಟಿ ಮಡಿದ ದುರಂತಗಳ ತರುವಾಯ ಅಮೆರಿಕವು 1956ರಲ್ಲಿ ಶಾಸನವನ್ನು ಮಾಡಿ, ಒಳಗಿನಿಂದಲೂ ತೆರೆಯಲು ಬರುವ ಬಾಗಿಲನ್ನು ಕಡ್ಡಾಯಗೊಳಿಸಿತು. ಮಗುವಿನ ಕೈಗೂ ಸೋಲುವ ಅಯಸ್ಕಾಂತದ ಪಟ್ಟಿ ಮನೆಮನೆಗೂ ಬಂದದ್ದು ಆ ಕಾಲದಿಂದೀಚೆಗೆ.

ಇನ್ನು ಅಂತರವು ಹುಟ್ಟುವ ಬಗೆ. ದಾಂಡೇಲಿಯಿಂದ ಹೆಚ್ಚು ದೂರವಿಲ್ಲದ ಹಳ್ಳಿಯೊಂದರಲ್ಲಿ, ಆಷಾಢದ ಮಳೆ ಹಿಡಿದಿದ್ದ ದಿನಗಳಲ್ಲಿ, ಅಜ್ಜಿಯೊಬ್ಬರು ಫ್ರಿಜ್ಜಿನ ಬಾಗಿಲಿಗೆ ಒರಳುಗುಂಡನ್ನು ಆನಿಸಿಟ್ಟಿದ್ದರು. ಗುಂಡನ್ನು ಸರಿಸಿದೊಡನೆ ಬಾಗಿಲು ತಾನಾಗಿಯೇ ಮೆಲ್ಲಗೆ ತೆರೆದುಕೊಂಡಿತು. ಸಗಣಿ ಸಾರಿಸಿದ ಮಣ್ಣಿನ ನೆಲ. ಮುಂಗಾಲುಗಳೆರಡೂ ತೇವಕ್ಕೆ ಬೆರಳಿನಷ್ಟು ಇಳಿದು, ಪೆಟ್ಟಿಗೆಯು ಮುಂದಕ್ಕೆ ಬಾಗಿತ್ತು. ಬಾಗಿಲಿನ ಗೂಡಿನಲ್ಲಿ ಎರಡೆರಡು ಲೀಟರಿನ ನಾಲ್ಕು ನೀರಿನ ಬಾಟಲಿಗಳು. ಎಂಟು ಕಿಲೋಗ್ರಾಂ ತೂಕ ಹೊರಗೆಳೆಯುತ್ತಿರುವಾಗ ಪಾಪದ ಪಟ್ಟಿ ಏನು ಮಾಡೀತು! ಬಾಟಲಿಗಳನ್ನು ಒಳಗಿನ ಕೆಳಹಂತಕ್ಕೆ ಸಾಗಿಸಿ, ಕಾಲುಗಳ ಕೆಳಗೆ ಚಪ್ಪಟೆ ಕಲ್ಲುಗಳನ್ನು ಕೂರಿಸಿ, ಮುಂಗಾಲುಗಳ ತಿರುಪನ್ನು ತಿರುಗಿಸಿ ಮುಂಭಾಗವನ್ನು ಕೂದಲೆಳೆಯಷ್ಟು ಎತ್ತರಿಸಿದೆವು. ಅರ್ಧ ತೆರೆದು ಕೈಬಿಟ್ಟ ಬಾಗಿಲು ತಾನೇ ಹಿಂದಕ್ಕೆ ತೂಗಿ ಹೋಗಿ ಮುಚ್ಚಿಕೊಳ್ಳುವಂತಿದ್ದರೆ ಮಟ್ಟ ಸರಿಯಾಯಿತೆಂದು ತಿಳಿಯತಕ್ಕದ್ದು.

ಆದರೂ ಒಂದು ಮೂಲೆಯಲ್ಲಿ ಸಂದು ಉಳಿದಿತ್ತು. ಕಾಗದದ ಚೀಟಿಯೊಂದನ್ನು ಅಂಚಿಗಿಟ್ಟು ಬಾಗಿಲನ್ನು ಮುಚ್ಚಿ ಎಳೆದು ನೋಡಿದರೆ, ಹಿಡಿತವಿರುವೆಡೆ ಅದು ತಡೆದು ತಡೆದು ಬರುತ್ತದೆ, ಇಲ್ಲದೆಡೆ ಬೆಣ್ಣೆಯಿಂದ ಕೂದಲು ತೆಗೆದಂತೆ ಬರುತ್ತದೆ. ಪ್ಲಗ್ಗನ್ನು ಕಿತ್ತು, ಸಾಬೂನು ಬೆರೆಸಿದ ಉಗುರುಬೆಚ್ಚನೆಯ ನೀರಿನಿಂದ ಪಟ್ಟಿಯ ಮಡಿಕೆಗಳನ್ನು ಒರೆಸಿದೆವು. ಸೆಟೆದು ಒಳಸುರುಳಿದ ಭಾಗಕ್ಕೆ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯ ಶಾಖ ಕೊಟ್ಟು, ಮೆತ್ತಗಾದೊಡನೆ ಬೆರಳಿನಿಂದ ಹೊರಕ್ಕೆ ತಿದ್ದಿ, ಬಾಗಿಲು ಮುಚ್ಚಿ ಆರಲು ಬಿಟ್ಟೆವು. ಹರಿದ ಪಟ್ಟಿಗೆ ಮಾತ್ರ ಈ ಉಪಚಾರ ಸಲ್ಲದು. ಮಾಡೆಲ್ ಸಂಖ್ಯೆಯನ್ನು ಬರೆದುಕೊಂಡು ಹೋಗಿ ಅದಕ್ಕೆ ಹೊಂದುವ ಹೊಸದನ್ನೇ ತರಬೇಕು. ಹಿಮ ಬೆಳೆದು ಐಸ್ ಖಾನೆಯ ಮುಚ್ಚಳ ಬಾಗಿಲಿಗೆ ತಾಗುತ್ತಿದ್ದರೆ ಹಿಮವು ತಾನಾಗಿ ಕರಗುವವರೆಗೆ ಕಾಯಬೇಕು. ಚಾಕುವಿನಿಂದ ಕೆತ್ತಲು ಹೋಗಿ ಅನಿಲದ ಕೊಳವೆಯನ್ನೇ ತೂತುಮಾಡಿದವರ ಕಥೆಗಳು ಪ್ರತಿಯೊಬ್ಬ ಮೆಕ್ಯಾನಿಕನ ಬಳಿಯೂ ಉಂಟು.

ಇಷ್ಟು ಸಣ್ಣ ಸಂದಿಗೆ ಇಷ್ಟೊಂದು ಆರೈಕೆ ಏಕೆಂದರೆ, ಅಲ್ಲಿಂದ ತಣ್ಣಗಿನ ಗಾಳಿ ಹೊರಗೆ ಹೋಗುವುದಕ್ಕಿಂತ ಒಳಗೆ ಬರುವ ಗಾಳಿಯು ಹೊತ್ತು ತರುವ ನೀರೇ ಹೆಚ್ಚು ಕೇಡು. 25 ಡಿಗ್ರಿಯ, ತೇವದಿಂದ ತುಂಬಿದ ಒಂದು ಘನಮೀಟರು ಗಾಳಿಯಲ್ಲಿ ಸುಮಾರು 23 ಗ್ರಾಂ ನೀರಾವಿಯಿರುತ್ತದೆ. 5 ಡಿಗ್ರಿಗೆ ತಣಿದಾಗ ಅದು ಇಟ್ಟುಕೊಳ್ಳಬಲ್ಲುದು 7 ಗ್ರಾಮಿಗೂ ಕಡಿಮೆ. ಉಳಿದ 16 ಗ್ರಾಂ ಒಳಗೋಡೆಯ ಮೇಲೆ ಬೆವರಾಗಿಯೋ ಹಿಮವಾಗಿಯೋ ಕೂಡುವಾಗ, ಪ್ರತಿ ಗ್ರಾಮೂ 600 ಕ್ಯಾಲೊರಿಯ ಆಸುಪಾಸಿನ ಗುಪ್ತೋಷ್ಣವನ್ನು ಬಿಟ್ಟುಕೊಡುತ್ತದೆ. ಅಷ್ಟೇ ನೀರನ್ನು 30 ಡಿಗ್ರಿಯಿಂದ 5ಕ್ಕೆ ತಣಿಸಲು ತೆಗೆಯಬೇಕಾದ ಉಷ್ಣಕ್ಕಿಂತ ಇದು ಇಪ್ಪತ್ತು ಪಾಲಿಗೂ ಮಿಗಿಲು. ಸೂಪಾದಲ್ಲಿಯೂ ನಾಗಝರಿಯಲ್ಲಿಯೂ ಕಾಳೀ ನದಿಯ ಮಳೆನೀರಿನಿಂದ ವಿದ್ಯುತ್ತನ್ನು ಉತ್ಪಾದಿಸಿ, ಆ ವಿದ್ಯುತ್ತಿನಿಂದ ಮತ್ತೆ ಮಳೆಗಾಳಿಯ ನೀರನ್ನೇ ಹಿಮಗಟ್ಟಿಸುವ ಈ ವ್ಯರ್ಥ ವ್ಯವಹಾರವನ್ನು ನೆನೆದಾಗ ನಗೆ ಬರುತ್ತದೆ. ಜೋಯಿಡಾದ ಮಳೆಗಾಡಿನ ಮನೆಯೊಂದರಲ್ಲಿಯೂ ಮುಂಡಗೋಡದ ಮೆಕ್ಕೆಜೋಳದ ಬಯಲಿನ ಮನೆಯೊಂದರಲ್ಲಿಯೂ ಫ್ರಿಜ್ಜಿನ ಬೆನ್ನ ಹಿಂದಿನ ತಟ್ಟೆಗೆ ದಿನವೂ ಇಳಿಯುವ ನೀರನ್ನು ಶಾಲೆಯ ಮಕ್ಕಳು ವರ್ಷಪೂರ್ತಿ ಅಳೆದು ಬರೆದಿಟ್ಟರೆ ಎಂಥ ಸೊಗಸಾದ ಪಾಠವಾದೀತು! ಯಾರಾದರೂ ಉಪಾಧ್ಯಾಯರು ಕೈಹಚ್ಚಬಾರದೆ?

ಒಳಬಂದ ಬಿಸಿಗಾಳಿಯ ಇನ್ನೊಂದು ಚಮತ್ಕಾರವುಂಟು. ಬಾಗಿಲು ಮುಚ್ಚಿದೊಡನೆ ಅದು ತಣಿದು ಅದರ ಒತ್ತಡ ಇಳಿಯುತ್ತದೆ. ಪೆಟ್ಟಿಗೆ ಸಂಪೂರ್ಣ ಭದ್ರವಾಗಿದ್ದು, ಒಳಗಿನ ಗಾಳಿಯೆಲ್ಲವೂ 30 ಡಿಗ್ರಿಯಿಂದ 5ಕ್ಕೆ ಇಳಿದರೆ ಈ ಇಳಿತ ಶೇಕಡ 8ರಷ್ಟು. ಅರ್ಧ ಚದರ ಮೀಟರಿನ ಬಾಗಿಲನ್ನು ಹೊರಗಿನ ವಾತಾವರಣವು 400 ಕಿಲೋಗ್ರಾಂ ಭಾರದಿಂದ ಒತ್ತಿಹಿಡಿದೀತು! ವಾಸ್ತವದಲ್ಲಿ ಅಷ್ಟು ಗಾಳಿ ಬದಲಾಗುವುದಿಲ್ಲ, ನೀರಿಳಿಯುವ ರಂಧ್ರದಿಂದ ಹೊರಗಾಳಿಯೂ ನುಸುಳುತ್ತದೆ. ಆದಕಾರಣ ಉಳಿಯುವುದು ಕ್ಷಣಕಾಲದ ಒಂದು ಬಿಗಿತ ಮಾತ್ರ. ಆ ಬಿಗಿತವೇ ಗ್ಯಾಸ್ಕೆಟ್ಟಿನ ಆರೋಗ್ಯದ ಲಕ್ಷಣ.

ಅಜ್ಜಿಗೆ ಇದನ್ನು ಮುಂಚಿತವಾಗಿ ಹೇಳಲು ಮರೆತಿದ್ದೆ. ಮರುದಿನ ಬೆಳಿಗ್ಗೆ ಹಾಲಿನ ಪಾತ್ರೆಯನ್ನಿಟ್ಟು ಬಾಗಿಲು ಮುಚ್ಚಿದವರು, ಮೊಸರು ನೆನಪಾಗಿ ಆ ಕೂಡಲೇ ಎಳೆದರಂತೆ, ಬಾಗಿಲು ಕದಲಲಿಲ್ಲ. "ಏನ ಮಾಡಿಟ್ರಿ ಮಾಸ್ತರ, ನಿನ್ನೆ ಮುಚ್ಚತಿದ್ದಿಲ್ಲ, ಇವತ್ತ ತೆರೀವಲ್ದು!" ಎಂದು ಅವರು ಆಕ್ಷೇಪಿಸಿದಾಗ, ಒರಳುಗುಂಡು ಒರಳಿಗೆ ಮರಳಿದ್ದುದನ್ನು ಕಂಡೆ.