ನೈಂಟಿ ಪಾಕೀಟಿನ ಸುಂಕ ಎಲ್ಲಿಗೆ ಹೋಗತೈತಿ?

2025ರ ಮುಂಗಾರಿನಲ್ಲಿ ಸಜ್ಜೆ ಹೊಲದಾಗ ಎಡೆ ಹೊಡೆಯುತ್ತಿದ್ದೆ. ಅತ್ತಿಗೆ ಬಂದು ಬದುವಿನ ಮೇಲೆ ಕುಂತಳು. ಕೈಯಲ್ಲಿ ಮಗನ ಹಳೇ ನೋಟಬುಕ್ಕು.

"ತಮ್ಮಾ, ಇದನ್ನ ಒಂಚೂರು ಕೂಡಿಸಿ ಹೇಳು. ಗೃಹಲಕ್ಷ್ಮಿ ರೊಕ್ಕ ಎರಡು ಸಾವಿರ ಬರತೈತಿ, ಗಂಗಾವತಿ ಕಡೆ ನಾಟಿಗೆ ಹೋಗಿ ದುಡಿದದ್ದೂ ಬರತೈತಿ. ಮನ್ಯಾಗ ಮಾತ್ರ ಏನೂ ನಿಲ್ಲವಲ್ದು" ಅಂದಳು.

ನಾನು ಏಳನೇತ್ತೆ ಓದಿದವ. ಕೂಡಿಸುವುದು, ಕಳೆಯುವುದು ಬರುತ್ತದೆ. ಎತ್ತು ನಿಲ್ಲಿಸಿ ಲೆಕ್ಕ ಮಾಡಿದೆವು. ಅಣ್ಣ ದಿನಕ್ಕೆ ಎರಡು ನೈಂಟಿ ಪಾಕೀಟು ಕುಡಿಯುತ್ತಾನೆ. ಪೇಟೆಯ ಅಂಗಡಿಯಲ್ಲಿ ಒಂದಕ್ಕೆ 50 ರೂಪಾಯಿಯ ಸುಮಾರು. ಊರಾಗ ಕದ್ದು ಮಾರುವವನು 60 ತಗೊಳ್ತಾನೆ. ದಿನಕ್ಕೆ 120 ಆದರೆ ತಿಂಗಳಿಗೆ 3,600, ವರ್ಷಕ್ಕೆ 43,800. ಅಗ್ಗದ ಮದ್ಯದ ಬೆಲೆಯಲ್ಲಿ ಅರ್ಧಕ್ಕೂ ಹೆಚ್ಚು ಸರ್ಕಾರದ ಸುಂಕ. ಪಾಕೀಟಿಗೆ 25 ಅಂತ ಹಿಡಿದರೂ ನಮ್ಮ ಅಣ್ಣ ಒಬ್ಬನೇ ವರ್ಷಕ್ಕೆ 18,250 ರೂಪಾಯಿ ಸುಂಕ ಕಟ್ಟುತ್ತಾನೆ. ಅತ್ತಿಗೆಗೆ ಬರುವುದು 24,000. ಕದ್ದು ಮಾರುವವನ ಪಾಲಿಗೆ 7,300. ಹತ್ತು ಎಕರೆ ಇರುವ ನಾನು ಭೂಕಂದಾಯ ಅಂತ ಎಷ್ಟು ಕಟ್ಟುತ್ತೇನೆ ಎಂದು ಹೇಳಲು ನಾಚಿಕೆ ಆಗುತ್ತದೆ. ಊರಿಗೆ ದೊಡ್ಡ ತೆರಿಗೆದಾರ ನಮ್ಮ ಅಣ್ಣ, ಅವನಿಗಿರುವುದು ಎರಡೆಕರೆ ಮಸಾರಿ.

ಅವತ್ತಿನಿಂದ ಈ ಸುಂಕದ ಬೆನ್ನು ಹತ್ತಿದೆ. ಪೇಪರು ಓದಿದೆ, ಕೊಪ್ಪಳಕ್ಕೆ ಹೋದಾಗ ತಿಳಿದವರನ್ನು ಕೇಳಿದೆ.

ಮಾದಕ ಸರಕಿನಿಂದ ಖಜಾನೆ ತುಂಬುವುದು ಹೊಸದಲ್ಲ. ನಮ್ಮ ಕುಷ್ಟಗಿ, ಯಲಬುರ್ಗಾ ಸೀಮೆ ಅಜ್ಜನ ಕಾಲಕ್ಕೆ ನಿಜಾಮನ ರಾಜ್ಯ. ಶಿಂದಿ, ಸೆರೆಯ ಅಬಕಾರಿ ಅವನಿಗೂ ದೊಡ್ಡ ಉತ್ಪನ್ನ. ಅದಕ್ಕೇ 1947ರ ಹೋರಾಟದಲ್ಲಿ ಶಿಂದಿ ಮರ ಕಡಿಯುವುದೂ ಒಂದು ಚಳವಳಿ. ಮರ ಬಿದ್ದರೆ ಖಜಾನೆಗೆ ಪೆಟ್ಟು. ಆಮೇಲೆ ಬಂದ ನಮ್ಮದೇ ಸಂವಿಧಾನ ಮದ್ಯ, ಅಫೀಮು, ಗಾಂಜಾ ಇವುಗಳ ಮೇಲೆ ಅಬಕಾರಿ ಸುಂಕ ಹಾಕುವ ಹಕ್ಕನ್ನು ರಾಜ್ಯಗಳಿಗೆ ಕೊಟ್ಟಿತು. ಅದೇ ಸಂವಿಧಾನದ 47ನೇ ಕಲಮು ಕುಡಿತ ನಿಲ್ಲಿಸಲು ಯತ್ನಿಸಬೇಕು ಅನ್ನುತ್ತದೆ. ಎರಡರಲ್ಲಿ ಯಾವ ಕಲಮು ಸರ್ಕಾರಕ್ಕೆ ಚಲೋ ನೆನಪಿದೆ ಎಂದು ಬೇರೆ ಹೇಳಬೇಕಿಲ್ಲ.

2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ಬಂದಾಯಿತು. ಅವತ್ತು ನಮ್ಮೂರ ಹೆಣ್ಣುಮಕ್ಕಳು ಹನುಮಪ್ಪನ ಗುಡಿಗೆ ಕಾಯಿ ಒಡೆದಿದ್ದು ಕಣ್ಣಾರೆ ನೋಡಿದವ ನಾನು. ಕುಡಿಯುವವರು ನಾಲ್ಕು ದಿನ ಒದ್ದಾಡಿದರು, ಆಮೇಲೆ ವಿಸ್ಕಿ ಪಾಕೀಟು ಹಿಡಿದರು. ಅಬಕಾರಿ ಆದಾಯ ಇಳಿಯಲಿಲ್ಲ, ಏರಿತು. 2019ರ ಜನವರಿಯಲ್ಲಿ ಮದ್ಯ ನಿಷೇಧ ಆಗಲಿ ಎಂದು ಸಾವಿರಾರು ಹೆಣ್ಣುಮಕ್ಕಳು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದು ಹೋದರು. ಮದ್ಯ ನಿಲ್ಲಲಿಲ್ಲ.

ಜಿಎಸ್‌ಟಿ 2017ರಲ್ಲಿ ಬಂದಾಗಲೂ ಕುಡಿಯುವ ಮದ್ಯವನ್ನು ಅದರಿಂದ ಹೊರಗೆ ಇಟ್ಟರು. ಹಾಗಾಗಿ ಈ ಸುಂಕ ಪೂರಾ ರಾಜ್ಯದ ಕೈಯಲ್ಲಿ. 2025-26ರ ಬಜೆಟ್ಟಿನಲ್ಲಿ ಅಬಕಾರಿಗೆ ಇಟ್ಟ ಗುರಿ 40,000 ಕೋಟಿ. ಒಟ್ಟು ಬಜೆಟ್ 4 ಲಕ್ಷ 9 ಸಾವಿರ ಕೋಟಿ, ಅಂದರೆ ಹತ್ತು ರೂಪಾಯಿಗೆ ಒಂದು ರೂಪಾಯಿ ಪಾಕೀಟು, ಬಾಟಲಿಯಿಂದ ಬರಬೇಕು. ನನಗೆ ಕಸಿವಿಸಿ ಆಗುವುದು ಈ "ಗುರಿ" ಎಂಬ ಮಾತಿಗೆ. ಬಿತ್ತನೆಗೆ ಗುರಿ ಇಡುತ್ತಾರೆ, ಅದು ಸರಿ. ಜನ ಇಷ್ಟು ಕುಡಿಯಬೇಕು ಅಂತಲೂ ಗುರಿ ಇಟ್ಟರೆ ಹೆಂಗೆ?

ಭಾರ ಯಾರ ಮೇಲೆ ಬೀಳುತ್ತದೆ ಎಂಬುದನ್ನೂ ನೋಡಿ. 2024ರ ಆಗಸ್ಟಿನಲ್ಲಿ ದುಬಾರಿ ಬ್ರಾಂಡುಗಳ ಸುಂಕ ಇಳಿಸಿದರು, ಗಿರಾಕಿ ನೆರೆರಾಜ್ಯಕ್ಕೆ ಹೋಗಬಾರದಂತೆ. 2025ರ ಮೇನಲ್ಲಿ ಅಗ್ಗದ ಮದ್ಯದ ಸುಂಕ ಏರಿಸಿದರು. ನಮ್ಮ ಕೂಲಿಯವ ನೈಂಟಿಗಾಗಿ ಯಾವ ರಾಜ್ಯಕ್ಕೆ ಹೋದಾನು?

ಈ ರೊಕ್ಕ ಎಲ್ಲಿ ಖರ್ಚಾಗುತ್ತದೆ? ಎಲ್ಲಾ ತೆರಿಗೆಯೂ ಒಂದೇ ಹಗೇವಿಗೆ ಬೀಳುತ್ತದೆ. ಹಗೇವಿಗೆ ಸುರಿದ ಮೇಲೆ ಯಾರ ಹೊಲದ ಜೋಳ ಯಾವುದು ಅಂತ ಹೇಳಲು ಬರುವುದಿಲ್ಲ. ಅದೇ ವರ್ಷ ಐದು ಗ್ಯಾರಂಟಿಗಳಿಗೆ 51,034 ಕೋಟಿ ತೆಗೆದಿಟ್ಟರು. ಆ ರೊಕ್ಕ ಬೇಡ ಅಂತ ನಾನು ಅನ್ನುವುದಿಲ್ಲ, ಅತ್ತಿಗೆಯ ಮನೆ ನಡೆದಿರುವುದೇ ಅದರಿಂದ.

ಅಮೆರಿಕದ ಕೊಲರಾಡೊ ರಾಜ್ಯದ ಸಂಗತಿ ಓದಿ ನನಗೆ ಆಶ್ಚರ್ಯವಾಯಿತು. ನಮ್ಮಲ್ಲಿ ತೊಗರಿ ಸಾಲಿನಾಗ ಗಾಂಜಾ ಗಿಡ ಬೆಳೆದರೆ 1985ರ ಕಾಯಿದೆಯಂತೆ ಹತ್ತು ವರ್ಷದವರೆಗೂ ಜೈಲಾಗಬಹುದು. ಅಲ್ಲಿ 2012ರಲ್ಲಿ ಜನರೇ ಮತ ಹಾಕಿ ಗಾಂಜಾಕ್ಕೆ ಪರವಾನಗಿ ಕೊಟ್ಟರು, 2014ರ ಜನವರಿ 1ಕ್ಕೆ ಅಂಗಡಿ ತೆರೆದವು. ಬೆಳೆಗಾರನಿಂದ ಮಾಲು ಹೊರಬೀಳುವಾಗಲೇ ಶೇ. 15 ಅಬಕಾರಿ ಸುಂಕ. ಅದರಲ್ಲಿ ವರ್ಷದ ಮೊದಲ 4 ಕೋಟಿ ಡಾಲರ್ ಶಾಲೆಯ ಕಟ್ಟಡಕ್ಕೇ ಹೋಗಬೇಕು ಎಂದು ಮತ ಹಾಕುವಾಗಲೇ ಬರೆದಿಟ್ಟಿದ್ದರು. ಗಾಂಜಾ ಮಾರುವುದು ಒಳ್ಳೆಯದು ಅಂತ ನಾನು ಹೇಳುತ್ತಿಲ್ಲ, ಮನೆಯಲ್ಲಿ ಒಂದು ಚಟವೇ ಸಾಕಾಗಿದೆ. ಆದರೆ ರೊಕ್ಕ ಎಲ್ಲಿಗೆ ಹೋಯಿತು ಅಂತ ಕೇಳಿದರೆ ಅಲ್ಲಿನವ ಶಾಲೆಯ ಕಡೆ ಬೆರಳು ತೋರಿಸಬಹುದು. ಅದರಲ್ಲೂ ಒಂದು ತೊಡಕಿದೆ. ಅಲ್ಲಿ ಗಾಂಜಾದ ಒಟ್ಟು ತೆರಿಗೆ 2021ರಲ್ಲಿ 42 ಕೋಟಿ ಡಾಲರ್ ದಾಟಿ, ಆಮೇಲೆ ಇಳಿಯುತ್ತಾ ಬಂತು. ಚಟವನ್ನು ನಂಬಿ ಶಾಲೆ ಕಟ್ಟಿದರೆ, ಚಟ ಕಡಿಮೆಯಾದಾಗ ಶಾಲೆಗೆ ಚಿಂತೆ.

ನಾನು ಅಷ್ಟು ದೂರ ಹೋಗಲಿಲ್ಲ. ನಮ್ಮ ಗ್ರಾಮಸಭೆಯಲ್ಲಿ ಎದ್ದು ನಿಂತು ಎರಡೇ ಮಾತು ಕೇಳಿದೆ. ನಮ್ಮೂರಿನಿಂದ ವರ್ಷಕ್ಕೆ ಎಷ್ಟು ಅಬಕಾರಿ ಸುಂಕ ಹೋಗುತ್ತದೆ? ಅದರಲ್ಲಿ ರೂಪಾಯಿಗೆ ಐದು ಪೈಸೆಯಾದರೂ ಕುಡಿತ ಬಿಡಿಸುವ ಚಿಕಿತ್ಸೆಗೆ ತಾಲೂಕಿಗೇ ವಾಪಸು ಬಂದೀತೇ? ಬಂದಿದ್ದ ಸಾಹೇಬರು ಒಳ್ಳೆಯವರೇ. "ಊರುವಾರು ಲೆಕ್ಕ ಇಡೋದಿಲ್ಲರೀ ಯಜಮಾನ್ರ" ಅಂದರು. ಹಿಂದೆ ಕುಂತಿದ್ದ ಹೆಣ್ಣುಮಗಳೊಬ್ಬಾಕಿ "ಹಂಗಾದ್ರ ನಾವ ಇಡ್ತೀವಿ ಬಿಡ್ರಿ" ಅಂದಳು. ಸಭೆ ನಕ್ಕಿತು. ನಾನೂ ನಕ್ಕೆ.

ಈಗ ಓಣಿಯ ಆರು ಮನೆಯವರು ನೋಟಬುಕ್ಕಿನಲ್ಲಿ ಪಾಕೀಟಿಗೊಂದು ಗೀಟು ಹಾಕುತ್ತಾರೆ. ಶ್ರಾವಣದಾಗ ಅಣ್ಣನ ಪುಟದಲ್ಲಿ ಹದಿನಾಲ್ಕು ದಿನ ಗೀಟಿಲ್ಲ. ಲೆಕ್ಕಕ್ಕೆ 1,680 ರೂಪಾಯಿ. ಅದರಲ್ಲಿ ಅತ್ತಿಗೆ ಹಿಂಗಾರಿ ಕಡಲೆಗೆ ಅಂತ 1,350ಕ್ಕೆ ಒಂದು ಚೀಲ ಡಿಎಪಿ ಮೊದಲೇ ತಂದು ಅಟ್ಟದ ಮೇಲೆ ಇಟ್ಟಳು.