ಚಳಿಗಾಲ ಕಳೆಯಲು ಪುತ್ತೂರು

ಫ್ರಾನ್ಸಿನ ದಕ್ಷಿಣ ಕರಾವಳಿಯಲ್ಲಿರುವ ನೀಸ್ ಪಟ್ಟಣವನ್ನು ಯುನೆಸ್ಕೊ 2021ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಚಳಿಗಾಲ ಕಳೆಯಲು ಬಂದವರಿಂದಲೇ ಬೆಳೆದ ಊರು ಎಂಬುದು ಅದರ ಹೆಗ್ಗಳಿಕೆ. ಹದಿನೆಂಟನೆಯ ಶತಮಾನದಿಂದಲೂ ಇಂಗ್ಲೆಂಡಿನ ಸ್ಥಿತಿವಂತರು ಅಲ್ಲಿ ತಿಂಗಳುಗಟ್ಟಲೆ ಬೀಡುಬಿಡುತ್ತಿದ್ದರು. ಅವರು ಇನ್ನಷ್ಟು ಬರಲಿ, ಬಂದವರು ನಿಲ್ಲಲಿ ಎಂದು 1873ರಲ್ಲಿ ಊರವರು ಒಂದು ಸಮಿತಿ ಕಟ್ಟಿ, ಅಲ್ಲಿನ ಹಳೆಯ ಕಾರ್ನಿವಲ್ ಹಬ್ಬಕ್ಕೆ ಹೊಸ ರೂಪ ಕೊಟ್ಟರು. ನಮ್ಮ ಬಯಲುಸೀಮೆಯ ನಿವೃತ್ತರೂ ಡಿಸೆಂಬರ್ ಬಂತೆಂದರೆ ಮಂಗಳೂರು, ಉಡುಪಿ ಕಡೆ ಮುಖ ಮಾಡುತ್ತಾರೆ. ಆದರೆ ಮೂರು ದಿನದಲ್ಲಿ ನಾಲ್ಕು ದೇವಸ್ಥಾನ, ಎರಡು ಕಡಲತೀರ ಮುಗಿಸಿ ಬಸ್ ಹತ್ತುತ್ತಾರೆ. ತುಳುನಾಡಿನ ಚಳಿಗಾಲ ಮೂರು ದಿನಕ್ಕೆ ಸಿಗುವಂಥದ್ದಲ್ಲ. ಮೂರು ತಿಂಗಳು ಉಳಿಯಬೇಕು. ಉಳಿಯುವುದಾದರೆ ಮಂಗಳೂರಿಗಿಂತ ಪುತ್ತೂರು ಮೇಲು.

ಇಲ್ಲಿ ಬಂದವರಿಗೆಂದು ಯಾರೂ ಹಬ್ಬ ಹುಟ್ಟಿಸಬೇಕಾಗಿಲ್ಲ, ಏಕೆಂದರೆ ಈ ನಾಡಿನ ಕಲೆ ಮತ್ತು ಆರಾಧನೆಯೆಲ್ಲ ಮಳೆ ಬಿಟ್ಟ ಮೇಲೆಯೇ ನಡೆಯುವಂತೆ ರೂಢಿಗೆ ಬಂದಿದೆ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ಸೀಮೆ ಇದು. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದುಹೋಗುತ್ತದೆ. ಆ ದಿನಗಳಲ್ಲಿ ಬಯಲಲ್ಲಿ ರಂಗಸ್ಥಳ ಕಟ್ಟುವುದಾಗಲಿ, ದೈವದ ಚಪ್ಪರ ಹಾಕುವುದಾಗಲಿ ಆಗುವ ಮಾತಲ್ಲ. ಮಳೆಗಾಲದ ಏಣೆಲು ಪೈರು ಕೊಯ್ದು ಗದ್ದೆ ಖಾಲಿಯಾದ ಮೇಲೆ, ದೀಪಾವಳಿ ಕಳೆದ ಮೇಲೆ, ಯಕ್ಷಗಾನ ಮೇಳಗಳು ಗೆಜ್ಜೆ ಕಟ್ಟಿ ತಿರುಗಾಟಕ್ಕೆ ಹೊರಡುತ್ತವೆ. ಮೇ ಕೊನೆಯ ವಾರದ ಪತ್ತನಾಜೆಗೆ ಗೆಜ್ಜೆ ಬಿಚ್ಚುತ್ತವೆ. ದೈವಗಳ ಆರಾಧನೆಯಾದ ಕೋಲ, ನೇಮಗಳ ಅವಧಿಯೂ ಹೆಚ್ಚುಕಡಿಮೆ ಇದೇ. ಗದ್ದೆಗಳು ಬಹುಮಟ್ಟಿಗೆ ಅಡಿಕೆ ತೋಟಗಳಾಗಿವೆ ನಿಜ. ಎಷ್ಟೋ ಯಕ್ಷಗಾನದ ಆಟಗಳು ಈಗ ಶಾಲೆಯ ಮೈದಾನಕ್ಕೆ, ದೇವಸ್ಥಾನದ ಎದುರಿಗೆ ಬಂದಿವೆ. ಆದರೂ ಗದ್ದೆ ಹಾಕಿಕೊಟ್ಟ ಕಾಲಪಟ್ಟಿ ಅಳಿದಿಲ್ಲ. ಅಂಗಳದಲ್ಲಿ ಹರವಿದ ಅಡಿಕೆ ಒಣಗಿ ಚಾಲಿಯಾಗಲು ನಲವತ್ತು ದಿನಗಳಷ್ಟು ಬಿಸಿಲು ಬೇಕು. ಅದೇ ಬಿಸಿಲಿನ ತಿಂಗಳುಗಳಲ್ಲೇ ರಾತ್ರಿ ಚೆಂಡೆಯ ಸದ್ದು ಕೇಳುತ್ತದೆ.

ಪುತ್ತೂರು, ಸುಳ್ಯ, ಕಡಬ ಈ ಮೂರು ತಾಲೂಕುಗಳಲ್ಲಿ ಮೂರು ತಿಂಗಳು ತುಂಬುವಷ್ಟು ಏನಿದೆ ಎಂದು ಕೇಳಬಹುದು. ಮಾರ್ಗಶಿರ ಶುದ್ಧ ಷಷ್ಠಿಯಂದು ಕಡಬ ತಾಲೂಕಿನ ಕುಕ್ಕೆ ಸುಬ್ರಹ್ಮಣ್ಯದಲ್ಲಿ ಚಂಪಾಷಷ್ಠಿಯ ಬ್ರಹ್ಮರಥ ಎಳೆಯುತ್ತಾರೆ. ಜನಸಂದಣಿಯಲ್ಲಿ ಆ ಒಂದು ದಿನ ನೋಡಿ ಬರುವುದಕ್ಕಿಂತ, ಕೆಲವು ದಿನ ಮೊದಲೇ ಹೋಗಿ, ಮಲೆಕುಡಿಯ ಸಮುದಾಯದವರು ಕಾಡಿನ ಬೆತ್ತದಿಂದ ರಥ ಕಟ್ಟುವುದನ್ನು ನೋಡಬೇಕು. ಎಂಜಿನಿಯರಿಂಗ್ ಓದಿದವರೂ ನಿಂತು ಕಲಿಯಬೇಕಾದ ಕೈಗೆಲಸ ಅದು. ಜನವರಿಯಲ್ಲಿ ಸುಳ್ಯದ ಚೆನ್ನಕೇಶವನ ಜಾತ್ರೆ. ಅದೇ ತಿಂಗಳ ಆಚೀಚೆ ಪುತ್ತೂರು ಮಹಾಲಿಂಗೇಶ್ವರ ದೇವರ ಮಾರು ಗದ್ದೆಯಲ್ಲಿ ಕೋಟಿ-ಚೆನ್ನಯ ಜೋಡುಕರೆ ಕಂಬಳ. ಆ ಅವಳಿ ವೀರರ ಕಥೆ ಹಾಡುವ ಪಾಡ್ದನ ಆರಂಭವಾಗುವ ಪಡುಮಲೆ, ಮುಗಿಯುವ ಎಣ್ಮೂರು, ಎರಡೂ ಈ ಮೂರು ತಾಲೂಕುಗಳ ಒಳಗೇ ಇವೆ. ಶಿವರಾಮ ಕಾರಂತರು ದಶಕಗಳ ಕಾಲ ಬಾಳಿದ ಬಾಲವನ ಪುತ್ತೂರಿನ ಪರ್ಲಡ್ಕದಲ್ಲಿದೆ. ಸುಳ್ಯದಲ್ಲಿ ಜೀವನ್‌ರಾಂ ಸುಳ್ಯ ಕಟ್ಟಿದ ರಂಗಮನೆ ಇದೆ. ಇವೆಲ್ಲದರ ನಡುವೆ ಹರಕೆಯಾಟಗಳು. ಯಾರದೋ ಮನೆಯವರು ಸೇವೆಯಾಗಿ ಆಡಿಸುವ ಆಟಕ್ಕೆ ಟಿಕೆಟ್ ಇಲ್ಲ, ಊರಿಗೆಲ್ಲ ಕರೆ. ಕಟೀಲು ಮೇಳದ ಆಟಕ್ಕಂತೂ ಹರಕೆ ಹೇಳಿಕೊಂಡವರು ವರ್ಷಗಟ್ಟಲೆ ಸರದಿ ಕಾಯುತ್ತಾರೆ. ಇಡೀ ರಾತ್ರಿ ನಿದ್ದೆಗೆಡಲಾಗದ ಹಿರಿಯರಿಗೂ ಈಗ ಅನುಕೂಲವಿದೆ: ಕಾಲಮಿತಿಯ ಪ್ರಯೋಗಗಳು ನಡುರಾತ್ರಿಯ ಹೊತ್ತಿಗೆ ಮುಗಿಯುತ್ತವೆ.

ಪುತ್ತೂರಿನಲ್ಲಿ ಕಡಲೆಲ್ಲಿದೆ ಎಂಬುದು ಮೊದಲ ಆಕ್ಷೇಪ. ಕಡಲು ಐವತ್ತು ಕಿಲೋಮೀಟರ್ ಆಚೆ ಇದೆ. ಬಸ್ಸು ಬೇಕಾದಷ್ಟಿವೆ, ಕಬಕ-ಪುತ್ತೂರು ನಿಲ್ದಾಣದಿಂದ ಮಂಗಳೂರಿಗೆ ರೈಲೂ ಇದೆ. ಕಡಲನ್ನು ಹಗಲಿನಲ್ಲಿ ಹೋಗಿ ನೋಡಿ ಬರಬಹುದು. ನೇಮ ಮತ್ತು ಆಟ ರಾತ್ರಿಯವು, ಅವು ನಡೆಯುವುದು ಹಳ್ಳಿಗಳಲ್ಲಿ. ಮಂಗಳೂರಿನಲ್ಲಿ ಮನೆ ಹಿಡಿದವರಿಗೆ ಸುಳ್ಯದ ಕಡೆಯ ಆಟ ಮುಗಿಸಿ ಮಧ್ಯರಾತ್ರಿ ಮರಳುವುದು ದೊಡ್ಡ ಪ್ರಯಾಸ. ಪುತ್ತೂರಿಗಾದರೆ ಮಂಗಳೂರು, ಸುಳ್ಯ, ಸುಬ್ರಹ್ಮಣ್ಯ ಮೂರೂ ಐವತ್ತು ಕಿಲೋಮೀಟರಿನ ಆಸುಪಾಸಿನಲ್ಲೇ. ಎರಡು ವರ್ಷಕ್ಕೊಮ್ಮೆ ಜನವರಿ 18ರಂದು ನಡೆಯುವ ಉಡುಪಿ ಪರ್ಯಾಯಕ್ಕೂ ಇಲ್ಲಿಂದಲೇ ಹೋಗಿಬರಬಹುದು. ವಯಸ್ಸಾದವರಿಗೆ ಆಸ್ಪತ್ರೆಯ ಚಿಂತೆ ಸಹಜ. ಸುಳ್ಯದಲ್ಲಿ ಕೆ.ವಿ.ಜಿ. ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ, ದೊಡ್ಡ ಚಿಕಿತ್ಸೆಗೆ ಮಂಗಳೂರು ಇದ್ದೇ ಇದೆ.

ಕರಾವಳಿಯಲ್ಲಿ ಚಳಿಗಾಲವೇ ಇಲ್ಲವಲ್ಲ ಎನ್ನುವವರ ಮಾತಿನಲ್ಲಿ ಅರ್ಧ ಸತ್ಯವಿದೆ. ಜನವರಿಯ ಮಧ್ಯಾಹ್ನ ಇಲ್ಲಿ ಆಷಾಢದ ಮಧ್ಯಾಹ್ನಕ್ಕಿಂತ ಬಿಸಿ, ಪಾದರಸ 32 ಡಿಗ್ರಿ ದಾಟುವುದು ಸಾಮಾನ್ಯ. ಹಗಲು ನೆರಳಿನಲ್ಲಿದ್ದು ಸಂಜೆಯ ಮೇಲೆ ಹೊರಬೀಳುವುದು ಈ ಸೀಮೆಯವರ ಅಭ್ಯಾಸ, ಬಂದವರಿಗೂ ಅದೇ ದಾರಿ. ರಾತ್ರಿ 20 ಡಿಗ್ರಿಯ ಹತ್ತಿರಕ್ಕೆ ಇಳಿಯುತ್ತದೆ. ತೆಳ್ಳನೆಯ ಶಾಲು ಹೊದ್ದು ಬಯಲಲ್ಲಿ ಕೂರಲು ಅದಕ್ಕಿಂತ ಹಿತವಾದ ಹವೆ ಬೇಕಿಲ್ಲ.

ನಿಜವಾಗಿ ತೂಗಿ ನೋಡಬೇಕಾದ ಆಕ್ಷೇಪ ಬೇರೆಯೇ ಇದೆ. ನೇಮ ಪ್ರದರ್ಶನವಲ್ಲ, ಆರಾಧನೆ. 2022ರಲ್ಲಿ ‘ಕಾಂತಾರ’ ಚಿತ್ರ ಬಂದ ಮೇಲೆ ದೈವದ ಬಗ್ಗೆ ಹೊರಗಿನವರ ಕುತೂಹಲ ಹೆಚ್ಚಿದೆ, ಮೊಬೈಲ್ ಹಿಡಿದು ಆರಾಧನೆಯ ನಡುವಿಗೇ ನುಗ್ಗುವವರ ಮೇಲೆ ಊರವರ ಬೇಸರವೂ ಹೆಚ್ಚಿದೆ. ಹೊರಗಿನವರು ಬರುವುದೇ ಬೇಡ ಎಂದು ಹಲವರು ಹೇಳುವುದು ಇದಕ್ಕೇ. ಆದರೆ ಈ ತೊಂದರೆ ಬಹುಮಟ್ಟಿಗೆ ಒಂದೇ ದಿನಕ್ಕೆ ಬಂದು ಹೋಗುವವರಿಂದ. ತಿಂಗಳುಗಟ್ಟಲೆ ಇದ್ದವರಿಗೆ ಎಲ್ಲಿ ನಿಲ್ಲಬೇಕು, ಯಾವಾಗ ಕೈ ಮುಗಿಯಬೇಕು, ಕರೆದಾಗ ಪ್ರಸಾದಕ್ಕೆ ಹೇಗೆ ಹೋಗಬೇಕು ಎಂಬುದು ನೆರೆಮನೆಯವರನ್ನು ನೋಡಿಯೇ ತಿಳಿಯುತ್ತದೆ. ಬಾಡಿಗೆ ಏರುತ್ತದೆ, ತೋಟ ಕಡಿದು ರೆಸಾರ್ಟ್ ಏಳುತ್ತದೆ ಎಂಬ ಭಯ ಸುಳ್ಳಲ್ಲ. ಮಗ್ಗುಲಲ್ಲೇ ಇರುವ ಕೊಡಗನ್ನು ನೋಡಿದರೆ ಸಾಕು. ಹಾಗಾಗಿ ಬರುವವರು ಪೇಟೆಯಲ್ಲಿ ಈಗಾಗಲೇ ಇರುವ ಮನೆಯನ್ನೇ ಬಾಡಿಗೆಗೆ ಹಿಡಿಯಬೇಕು, ಊರವರು ಹೋಗುವ ಅಂಗಡಿಗೇ ಹೋಗಬೇಕು, ನಾಲ್ಕು ತುಳು ಮಾತು ಕಲಿಯಬೇಕು. ನವೆಂಬರ್ ಕೊನೆಗೆ ಬನ್ನಿ, ಫೆಬ್ರವರಿ ಮುಗಿಯುವ ಹೊತ್ತಿಗೆ ಹೊರಡಿ. ಏಪ್ರಿಲ್ 17ರ ಪುತ್ತೂರು ಬ್ರಹ್ಮರಥೋತ್ಸವವನ್ನೂ ನೋಡಿಯೇ ಹೋಗುವ ಆಸೆಯಿದ್ದರೆ, ಸೆಕೆಗೆ ಸಿದ್ಧರಾಗಿರಿ.