ಅಗಲಿದವರ ಪೆಟ್ಟಿಗೆ

ಮನೆಯ ದುರಸ್ತಿಗೆ ಕೈಹಾಕಿದಾಗ ಅಟ್ಟದ ಮೇಲಿನ ಪೆಟ್ಟಿಗೆಗಳೆಲ್ಲ ಕೆಳಗಿಳಿಯುತ್ತವೆ. ಅಗಲಿದ ಪತಿಯ ಕನ್ನಡಕ, ಮಡಿಸಿಟ್ಟ ಪಂಚೆ, ಹಳೆಯ ಡೈರಿ, ರಸೀತಿಗಳ ಕಟ್ಟು ಒಮ್ಮೆಗೇ ಕಣ್ಣೆದುರು ಬಂದರೆ, ಎಂತಹ ಗಟ್ಟಿಮನಸ್ಸಿನ ಗೃಹಿಣಿಯ ಕೈಯೂ ಅಳುಕುತ್ತದೆ. “ಹಳೆಯದನ್ನೆಲ್ಲ ಕೊಟ್ಟುಬಿಡಿ” ಎಂಬ ಬಂಧುಗಳ ಮಾತು ಹಿತದ್ದೇ. ಆದರೆ ಕಾಗದಗಳನ್ನು ರದ್ದಿಯವನ ತಕ್ಕಡಿಗೆ ಹಾಕುವ ಅವಸರ ಸಲ್ಲದು. ರಸೀತಿಗಳ ನಡುವೆ ಬ್ಯಾಂಕಿನ ಪಾಸ್‌ಬುಕ್ಕೋ ವಿಮೆಯ ಪತ್ರವೋ ಅಡಗಿರಬಹುದು. 10 ವರ್ಷ ಯಾರೂ ಕೇಳದೆ ಉಳಿದ ಠೇವಣಿಯು, 2014ರಲ್ಲಿ ರಿಸರ್ವ್ ಬ್ಯಾಂಕು ಸ್ಥಾಪಿಸಿದ ನಿಧಿಗೆ ಸೇರುತ್ತದೆ. ಆದರೂ ವಾರಸುದಾರರ ಹಕ್ಕು ಅಳಿಯುವುದಿಲ್ಲ. ಠೇವಣಿಯಿಟ್ಟ ಬ್ಯಾಂಕಿಗೇ ತಕ್ಕ ದಾಖಲೆಗಳನ್ನು ಒಪ್ಪಿಸಿ ಅದನ್ನು ಪಡೆಯಬಹುದು. ಆದುದರಿಂದ ಮೊದಲು ಕಾಗದಗಳನ್ನು ಬೇರ್ಪಡಿಸಿಡುವುದು ಲೇಸು. ಬಟ್ಟೆಬರೆಗಳು, ಕನ್ನಡಕ ಕಾದಿರಲಿ. ಹಣದ ಹಕ್ಕಿಗೇ ಇಲ್ಲದ ಗಡುವನ್ನು ನೆನಪಿಗೇಕೆ ವಿಧಿಸಬೇಕು?